ಹಳೇ ಅಮೆರಿಕನ್ ವ್ಯಾಗನ್ ಕೊಳ್ಳುವಿರಾ? ಹಿಂದಿನಿಂದ ನೋಡುತ್ತಾ ಬನ್ನಿ

ಹಳೇ ಕಾರು ನೋಡಲು ಹೋದವರು ಮೊದಲು ಬಾನೆಟ್ ಎತ್ತುತ್ತಾರೆ. ಅಮೆರಿಕದ ಸ್ಟೇಷನ್ ವ್ಯಾಗನ್, ಅಂದರೆ ಸಾಮಾನಿಗೆ ಜಾಗವಾಗಲೆಂದು ಚಾವಣಿಯನ್ನು ಹಿಂದಿನವರೆಗೂ ಚಾಚಿದ ಕಾರಿನ ವಿಷಯದಲ್ಲಿ ಆ ಕೆಲಸ ಕೊನೆಗಿರಲಿ. ಫೋರ್ಡ್‌ನ ಕಂಟ್ರಿ ಸ್ಕ್ವೈರ್ ಅನ್ನೇ ತೆಗೆದುಕೊಳ್ಳಿ. 1950ರಿಂದ 1991ರವರೆಗೆ ತಯಾರಾದ, ಮಗ್ಗುಲಿಗೆ ಮರದ ಹಲಗೆ ಹೊಡೆದಂತೆ ಕಾಣುವ ಉದ್ದನೆಯ ಕಾರು ಅದು. ಅದರ ಎಂಜಿನ್, ಬ್ರೇಕ್, ಮುಂಭಾಗದ ಸಾಮಾನು ಬಹುಪಾಲು ಅದೇ ಕಾಲದ ಫೋರ್ಡ್ ಸೆಡಾನ್‌ಗಳದ್ದೇ ಆದ್ದರಿಂದ ಹುಡುಕಿದರೆ ಸಿಗುತ್ತವೆ. ಹಿಂಬದಿಯ ಗಾಜು, ಬಾಗಿಲು, ಮಗ್ಗುಲಿನ ಪಟ್ಟಿಗಳು ಹಾಗಲ್ಲ. ಅವು ಕೆಟ್ಟಿದ್ದರೆ ಇನ್ನೊಂದು ವ್ಯಾಗನ್ ಬಿಚ್ಚಿಯೇ ತರಬೇಕಾದೀತು.

ಹಾಗಾಗಿ ಮೊದಲು ಹಿಂಬಾಗಿಲು. 1966ರಲ್ಲಿ ಫೋರ್ಡ್ ‘ಮ್ಯಾಜಿಕ್ ಡೋರ್‌ಗೇಟ್’ ತಂದಿತು. ಒಂದೇ ಬಾಗಿಲು, ಸಾಮಾನು ತುಂಬಲು ಕೆಳಕ್ಕೆ ಇಳಿಯುತ್ತದೆ, ಜನ ಹತ್ತಲು ಪಕ್ಕಕ್ಕೆ ತೆರೆಯುತ್ತದೆ. ಎರಡೂ ರೀತಿ ತೆರೆದು ಮುಚ್ಚಿ. ಪಕ್ಕಕ್ಕೆ ತೆರೆದಾಗ ಜೋತುಬಿದ್ದು, ಎತ್ತಿ ಹಿಡಿದರಷ್ಟೇ ಲಾಕ್ ಬೀಳುತ್ತದೆ ಎಂದರೆ ಕೀಲು ಸವೆದಿದೆ. ಗಾಜನ್ನೂ ಪೂರ್ತಿ ಇಳಿಸಿ, ಏರಿಸಿ. ಗಾಜಿನ ರಬ್ಬರ್ ಬಿರುಕು ಬಿಟ್ಟಿದ್ದರೆ ಮಳೆನೀರು ಬಾಗಿಲೊಳಗೆ ಇಳಿದು ತಳದಲ್ಲೇ ನಿಲ್ಲುತ್ತದೆ. ಬಾಗಿಲ ಕೆಳ ಅಂಚಿಗೆ ಬೆರಳಾಡಿಸಿದರೆ ತುಕ್ಕಿನ ಹುಡಿ ಕೈಗೆ ಹತ್ತುತ್ತದೆ. ಈ ರಬ್ಬರ್ ಬರೀ ಮಳೆ ತಡೆಯಲು ಎಂದುಕೊಳ್ಳಬೇಡಿ. ಹಿಂದೆ ಸಂದಿಯಿದ್ದರೆ ಓಡುವ ವ್ಯಾಗನ್ ತನ್ನ ಸೈಲೆನ್ಸರ್ ಹೊಗೆಯನ್ನು ತಾನೇ ಒಳಗೆ ಎಳೆದುಕೊಳ್ಳುತ್ತದೆ.

ಆಮೇಲೆ ಆ ‘ಮರ’. ಅಸಲಿ ಮರದ ಮೈ 1951ಕ್ಕೇ ಮುಗಿಯಿತು. ಬಳಿಕದ್ದು ಉಕ್ಕಿನ ಬಾಡಿ ಮೇಲೆ ಅಂಟಿಸಿದ, ಮರದ ಚಿತ್ರವಿರುವ ಡೈನಾಕ್ ಹಾಳೆ. ಹೊರಗೆ ಥಳುಕು ಒಳಗೆ ಹುಳುಕು ಎನ್ನುವುದು ಇಲ್ಲಿ ಅಕ್ಷರಶಃ ನಿಜ. ತೆಳು ಬಟ್ಟೆಯಲ್ಲಿ ಸುತ್ತಿದ ಪುಟ್ಟ ಅಯಸ್ಕಾಂತವನ್ನು ಹಾಳೆಯ ಮೇಲೆ, ಮುಖ್ಯವಾಗಿ ಚಕ್ರದ ಕಮಾನಿನ ಸುತ್ತ, ನಿಧಾನವಾಗಿ ಸರಿಸಿ. ಹಾಳೆ ಇದ್ದರೂ ಅದು ಉಕ್ಕಿಗೆ ಅಂಟುತ್ತದೆ. ಹಿಡಿತ ತಪ್ಪಿ ಜಾರಿದ ಕಡೆ ಒಳಗಿರುವುದು ದಪ್ಪ ಪುಟ್ಟಿ. ಬಿಸಿಲಿಗೆ ಬಣ್ಣ ಮಾಸಿದ ಮೂಲ ಹಾಳೆ ಇರುವ ಕಾರನ್ನೇ ನಾನು ಆರಿಸುತ್ತೇನೆ. ಹೊಸ ಹಾಳೆ ಅಂಟಿಸಿದ್ದರೆ, ಅಂಟಿಸುವ ಮೊದಲು ತೆಗೆದ ಫೋಟೊ ತೋರಿಸಿ ಎಂದು ಕೇಳಿ.

ಇನ್ನು ನೆಲ. ಹಾಸು ಎತ್ತಿ, ಸ್ಟೆಪ್ನಿ ಇಡುವ ಗುಂಡಿ ನೋಡಿ, ಕಾರಿನಡಿ ಟಾರ್ಚ್ ಹಿಡಿದು ಮಲಗಿ. ಮಿಶಿಗನ್, ಒಹಾಯೊ ಕಡೆ ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಹಾಕುತ್ತಾರೆ. ಚಾಸಿಸ್ ತಿನ್ನುವುದು ಅದೇ. ಒಣ ಬಿಸಿಲಿನ ಅರಿಜೋನಾದ ಕಾರಿನಲ್ಲಿ ಡ್ಯಾಶ್‌ಬೋರ್ಡ್ ಸೀಳಿರುತ್ತದೆ, ಸೀಟು ಹರಿದಿರುತ್ತದೆ, ತಗಡು ಮಾತ್ರ ಗಟ್ಟಿ. ಸೀಟು ಹೊಲಿಸಿಕೊಳ್ಳಬಹುದು ಬಿಡಿ.

ಕಾಗದಪತ್ರಕ್ಕೆ ಬಂದರೆ, 17 ಅಂಕಿ-ಅಕ್ಷರಗಳ ಗುರುತು ಸಂಖ್ಯೆ ಬಂದದ್ದು 1981ರ ಮಾಡೆಲ್‌ನಿಂದ. ಅದಕ್ಕೂ ಹಳೆಯವುಗಳಲ್ಲಿ ಸಂಖ್ಯೆ ಚಿಕ್ಕದು. 1967ರ ಫೋರ್ಡ್ ಆದರೆ 7ರಿಂದ ಶುರು. ಡ್ಯಾಶ್‌ಬೋರ್ಡ್, ಚಾಲಕನ ಬಾಗಿಲ ಫಲಕ, ಮಾಲೀಕತ್ವದ ಪತ್ರ, ಮೂರೂ ತಾಳೆಯಾಗಬೇಕು (ಡ್ಯಾಶ್‌ಬೋರ್ಡ್ ಮೇಲೆ ಸಂಖ್ಯೆ ಬಂದದ್ದು 1968ರ ಮಾಡೆಲ್‌ನಿಂದ). 1967ರಿಂದ ಈಚಿನ ಫೋರ್ಡ್‌ಗಳಿಗೆ ದುಡ್ಡು ಕೊಟ್ಟು ‘ಮಾರ್ಟಿ ರಿಪೋರ್ಟ್’ ತರಿಸಿದರೆ ಕಾರ್ಖಾನೆಯಿಂದ ಯಾವ ಬಣ್ಣ, ಯಾವ ಎಂಜಿನ್‌ನೊಂದಿಗೆ ಹೊರಟಿತ್ತೆಂದು ತಿಳಿಯುತ್ತದೆ.

ಮೀಟರ್ ನಂಬಬೇಡಿ. ಆ ಕಾಲದ ಮೀಟರ್‌ಗೆ ಮೈಲಿಗೆ ಐದೇ ಅಂಕಿ, 99,999 ದಾಟಿದರೆ ಮತ್ತೆ ಸೊನ್ನೆ. 34,000 ಎಂದಿರುವುದು 1,34,000 ಇರಬಹುದು. ಬ್ರೇಕ್ ಪೆಡಲ್ಲಿನ ರಬ್ಬರ್ ಸವೆದಿದೆಯೇ ನೋಡಿದರೆ ಅಂದಾಜು ಸಿಗುತ್ತದೆ.

ಈಗ ಬಾನೆಟ್ ಎತ್ತಿ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ, ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಟೈರಿನ ಮೇಲೆ DOT ಎಂಬ ಅಕ್ಷರಗಳಿಂದ ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷ. ಹತ್ತು ವರ್ಷ ದಾಟಿದ್ದರೆ ಹೊರಮೈಯ ಉಬ್ಬುಗಳು ಎಷ್ಟೇ ಚೆನ್ನಾಗಿರಲಿ, ಹೊಸ ಟೈರಿನ ಬೆಲೆಯನ್ನು ಚೌಕಾಸಿಗೆ ಸೇರಿಸಿಕೊಳ್ಳಿ.

ಮುಂಗಡ ಕೊಡುವ ಮುನ್ನ ಗ್ಯಾರೇಜ್ ಅಳೆಯಿರಿ. 1969ರ ನಂತರದವು 18 ಅಡಿಯ ಆಸುಪಾಸು, ಕೆಲವು ಅದಕ್ಕೂ ಉದ್ದ, ಹಿಂಬಾಗಿಲು ತೆರೆಯಲು ಅದರಾಚೆಗೂ ಜಾಗ ಬೇಕು.