ಬೆಳಿಗ್ಗೆ ಹೊಟ್ಟೆನೋವು, ಹತ್ತು ಗಂಟೆಗೆ ಮಾಯ: ಶಾಲೆಗೆ ಹೆದರುವ ಮಗುವನ್ನು ಮತ್ತೆ ತರಗತಿಗೆ ಕಳುಹಿಸುವುದು ಹೇಗೆ?

ಸಮವಸ್ತ್ರ ಹಾಕುವ ಹೊತ್ತಿಗೆ ಹೊಟ್ಟೆನೋವು, ವಾಂತಿ, ಅಳು. ಶಾಲೆಯ ವ್ಯಾನ್ ಹೋದ ಅರ್ಧ ಗಂಟೆಗೆ ಮಗು ಆಟವಾಡುತ್ತಿರುತ್ತದೆ. ಇದನ್ನು ನಾಟಕ ಎನ್ನಬೇಡಿ. ಆತಂಕ ಹೆಚ್ಚಾದಾಗ ಹೊಟ್ಟೆ ನಿಜಕ್ಕೂ ನೋಯುತ್ತದೆ, ಎದೆ ನಿಜಕ್ಕೂ ಹೊಡೆದುಕೊಳ್ಳುತ್ತದೆ. ಶಾಲೆಯೊಂದರ ಆಪ್ತ ಸಮಾಲೋಚಕಿಯಾಗಿ ನಾನು ನೋಡುವ ಪೋಷಕರಲ್ಲಿ ಕೆಲವರು ಮಗುವನ್ನು ಎಳೆದು ತಂದು ತರಗತಿಯೊಳಗೆ ತಳ್ಳುತ್ತಾರೆ. ಇನ್ನು ಕೆಲವರು ‘ಇವತ್ತೊಂದು ದಿನ ಇರಲಿ’ ಎನ್ನುತ್ತಲೇ ತಿಂಗಳು ಕಳೆಯುತ್ತಾರೆ. ಎರಡರಿಂದಲೂ ಭಯ ಬೆಳೆಯುತ್ತದೆ.

ಹೆಜ್ಜೆ 1: ಮಕ್ಕಳ ವೈದ್ಯರಿಗೆ ಒಮ್ಮೆ ತೋರಿಸಿ. ಒಮ್ಮೆ ಸಾಕು, ಪ್ರತಿ ವಾರ ಸ್ಕ್ಯಾನಿಂಗ್ ಬೇಡ.

ಹೆಜ್ಜೆ 2: ಶಾಲೆಯಲ್ಲಿ ಏನು ನಡೆಯುತ್ತಿದೆ ಎಂದು ವಿಚಾರಿಸಿ. ಯಾರಾದರೂ ಹೊಡೆಯುತ್ತಿದ್ದರೆ, ಹಂಗಿಸುತ್ತಿದ್ದರೆ, ಓದಲು ಅಕ್ಷರಗಳೇ ಕೂಡಿಬರದೆ ಮಗು ಒದ್ದಾಡುತ್ತಿದ್ದರೆ, ಮೊದಲು ಅದು ಸರಿಯಾಗಬೇಕು. ಅಪಾಯವಿರುವ ಕಡೆ ಧೈರ್ಯ ಕಲಿಸುವುದು ಅನ್ಯಾಯ.

ಹೆಜ್ಜೆ 3: ಭಯದ ಏಣಿ ಬರೆಯಿರಿ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಾಗದದ ಮೇಲೆಯೇ ಬರೆಯಿರಿ. ಮೊಬೈಲ್ ಆ್ಯಪ್ ಬೇಡ. ಪ್ರತಿ ಸನ್ನಿವೇಶಕ್ಕೂ ಮಗುವೇ ಹತ್ತಕ್ಕೆ ಇಷ್ಟು ಎಂದು ಭಯದ ಅಂಕ ಕೊಡಲಿ. ಭಾನುವಾರ ಶಾಲೆಯ ಗೇಟಿನ ಬಳಿ ನಿಲ್ಲುವುದಕ್ಕೆ ಎರಡು, ಸಂಜೆ ಖಾಲಿ ತರಗತಿಯಲ್ಲಿ ಕೂರುವುದಕ್ಕೆ ಮೂರು, ಬೆಳಗಿನ ಪ್ರಾರ್ಥನೆಗೆ ಐದು, ಮೊದಲ ಪೀರಿಯಡ್‌ಗೆ ಆರು, ಮಧ್ಯಾಹ್ನದ ಊಟದವರೆಗೆ ಎಂಟು, ಇಡೀ ದಿನಕ್ಕೆ ಹತ್ತು. ಈ ಉಪಾಯ ಹೊಸದಲ್ಲ. 1924ರಲ್ಲೇ ಅಮೆರಿಕದ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್, ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಮಗುವಿನ ಬಳಿಗೆ ಮೊಲವನ್ನು ಸ್ವಲ್ಪಸ್ವಲ್ಪವಾಗಿ ಹತ್ತಿರ ತಂದು ಭಯ ಬಿಡಿಸಿದ್ದರು.

ಹೆಜ್ಜೆ 4: ಏಣಿ ಹತ್ತಿಸಿ. ಎಲ್ಲರೂ ಎಡವುವುದು ಇಲ್ಲಿಯೇ. ಗೇಟಿನ ಬಳಿ ಮಗು ಅಳುತ್ತದೆ, ಅಪ್ಪ ಕರಗಿ ತಕ್ಷಣ ಮನೆಗೆ ಕರೆತರುತ್ತಾರೆ. ಆಗ ಮಗು ಕಲಿಯುವುದು ಒಂದೇ: ಓಡಿಬಂದಿದ್ದಕ್ಕೇ ನಾನು ಬಚಾವಾದೆ. ಭಯ ಏರುತ್ತದೆ, ಒಂದು ಮಟ್ಟ ಮುಟ್ಟುತ್ತದೆ, ಅಲ್ಲೇ ಉಳಿದರೆ ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಆ ಇಳಿತವನ್ನು ಮಗು ಅಲ್ಲಿಯೇ ನಿಂತು ಅನುಭವಿಸಬೇಕು. ಆದ್ದರಿಂದ ಆತುರವಿಲ್ಲದ ದಿನ ಹೋಗಿ. ಆಗಾಗ ‘ಈಗ ಎಷ್ಟು?’ ಎಂದಷ್ಟೇ ಕೇಳಿ, ಆರು ಮೂರಕ್ಕೆ ಇಳಿಯುವವರೆಗೆ ಕಾಯಿರಿ. ಕೈಗೆ ಮೊಬೈಲ್ ಕೊಟ್ಟು ಮರೆಸಬೇಡಿ, ಮರೆತದ್ದು ಗೆದ್ದಂತಲ್ಲ. ಅದೇ ಮೆಟ್ಟಿಲನ್ನು ಬೇಸರ ಬರುವವರೆಗೆ ಹತ್ತಿಸಿ, ನಂತರವೇ ಮುಂದಿನದು. ಮಧ್ಯದ ಮೆಟ್ಟಿಲು ಎತ್ತರವೆನಿಸಿದರೆ ಅದನ್ನು ಎರಡಾಗಿ ಒಡೆಯಿರಿ, ಆದರೆ ಪೂರ್ತಿ ನಿಲ್ಲಿಸಬೇಡಿ.

ಮಗುವಿನ ಕಣ್ಣು ತಪ್ಪಿಸಿ ಜಾರಿಕೊಳ್ಳುವ ಅಡ್ಡದಾರಿ ಹಿಡಿಯಲೇಬೇಡಿ. ಒಮ್ಮೆ ಹಾಗೆ ಮಾಡಿದರೆ ಮರುದಿನ ಮಗು ಸೆರಗು ಬಿಡುವುದಿಲ್ಲ. ಹೇಳಿ, ಕೈಬೀಸಿ, ಹೊರಡಿ. ಅಮ್ಮನನ್ನು ಬಿಡಲೊಲ್ಲದ ಮಗುವಾದರೆ ಅಜ್ಜನೋ ಚಿಕ್ಕಪ್ಪನೋ ಬಿಟ್ಟುಬರಲಿ.

ಹೆಜ್ಜೆ 5: ಅಭಯವಚನ ಕಡಿಮೆ ಮಾಡಿ. ‘ಅಮ್ಮಾ, ನೀನು ಬಂದೇ ಬರುತ್ತೀಯಾ?’ ಎಂದು ಮಗು ಮತ್ತೆ ಮತ್ತೆ ಕೇಳುತ್ತದೆ. ಒಮ್ಮೆ ಉತ್ತರಿಸಿ. ಮತ್ತೆ ಕೇಳಿದರೆ, ‘ಭಯವಾಗುತ್ತಿದೆ ಅಂತ ಗೊತ್ತು ಪುಟ್ಟಾ, ನಿನ್ನಿಂದ ಆಗುತ್ತದೆ’ ಎನ್ನಿ. ಹದಿನೈದರ ಹುಡುಗನಿಗೂ ಇದೇ ಮಾತು, ಆದರೆ ನೆಂಟರೆದುರು ಆಡಬೇಡಿ.

ಹೆಜ್ಜೆ 6: ತರಗತಿ ಶಿಕ್ಷಕರಿಗೆ ಏಣಿಯ ಪ್ರತಿ ಕೊಡಿ.

ಮೆದುಳು ಚುರುಕು ಮಾಡುವ ಟಾನಿಕ್, ಕಣ್ಣು ಕಟ್ಟಿ ಓದಿಸುವ ದುಬಾರಿ ಶಿಬಿರ, ಇವಕ್ಕೆ ಹಣ ಸುರಿಯಬೇಡಿ. ಅಜ್ಜಿಯ ನಿದ್ದೆ ಮಾತ್ರೆಯಲ್ಲಿ ಅರ್ಧ ಮುರಿದು ಕೊಡುವವರನ್ನೂ ಕಂಡಿದ್ದೇನೆ, ಅದು ಅಪಾಯ. ದೃಷ್ಟಿ ತೆಗೆಯುವುದಾದರೆ ತೆಗೆಯಿರಿ, ಏಣಿ ಮಾತ್ರ ಬಿಡಬೇಡಿ.

ನಾಲ್ಕು ವಾರ ಕಳೆದರೂ ಭಯ ಬಿಡದಿದ್ದರೆ, ಊಟ ನಿದ್ದೆ ಕೆಟ್ಟರೆ, ಮಕ್ಕಳ ಮನೋವೈದ್ಯರನ್ನು ಕಾಣಿ. ಸಾಯುವ ಮಾತು ಬಂದರೆ ಅದೇ ದಿನ ಕಾಣಿ, ಮಗುವನ್ನು ಒಂಟಿಯಾಗಿ ಬಿಡಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕ್ಕೆಂದೇ ವಿಭಾಗವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಔಷಧವೆಂದರೆ ಬೆಚ್ಚಿಬೀಳಬೇಡಿ. ಅಮೆರಿಕದಲ್ಲಿ ಆತಂಕದ ಕಾಯಿಲೆಯಿದ್ದ 7ರಿಂದ 17 ವರ್ಷದ 488 ಮಕ್ಕಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಏಣಿಯಂಥ ಅಭ್ಯಾಸಗಳಿರುವ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ) ಒಂದರಿಂದಲೇ ಸುಮಾರು ಶೇ 60 ಮಕ್ಕಳು ಸಾಕಷ್ಟು ಸುಧಾರಿಸಿದರು. ವೈದ್ಯರು ಕೊಟ್ಟ, ಆತಂಕ ತಗ್ಗಿಸುವ ಸರ್ಟ್ರಾಲಿನ್ ಮಾತ್ರೆಯೂ ಜೊತೆಗಿದ್ದಾಗ ಅದು ಸುಮಾರು ಶೇ 81ಕ್ಕೆ ಏರಿತು.

ದಸರಾ ರಜೆಯ ನಂತರ, ಜ್ವರ ಬಂದು ವಾರ ಮಲಗಿದ ನಂತರ ಹೊಟ್ಟೆನೋವು ಮರಳುವುದು ಸಹಜ. ಮೊದಲಿನಿಂದ ಶುರು ಮಾಡಬೇಕಾಗಿಲ್ಲ. ಒಂದು ಮೆಟ್ಟಿಲು ಇಳಿದು, ರಜೆ ಮುಗಿಯುವ ಎರಡು ದಿನ ಮೊದಲೇ ಶಾಲೆಯ ಗೇಟಿನವರೆಗೆ ನಡೆದುಬನ್ನಿ.