ಸ್ಮಾರ್ಟ್ ಕಾಂಟ್ರ್ಯಾಕ್ಟ್ ಕಲಿಯೋಕೆ ಮೊದಲು ರೀಮಿಕ್ಸ್ ಸಾಕು

ಬ್ಲಾಕ್‌ಚೈನ್ ಪ್ರೋಗ್ರಾಮಿಂಗ್, ಅಂದರೆ ಬ್ಲಾಕ್‌ಚೈನ್ ಮೇಲೆ ಓಡುವ ಸ್ಮಾರ್ಟ್ ಕಾಂಟ್ರ್ಯಾಕ್ಟ್ ಎಂಬ ಪ್ರೋಗ್ರಾಂ ಬರೆಯೋದು, ಶುರು ಮಾಡೋಕೆ ಏನೇನು ಇನ್‌ಸ್ಟಾಲ್ ಮಾಡಬೇಕು ಅಂತ ಇಲ್ಲಿ ಆಗಾಗ ಕೇಳುತ್ತಾರೆ. ಸದ್ಯಕ್ಕೆ ಏನೂ ಬೇಡ. ಬ್ರೌಸರ್‌ನಲ್ಲಿ ರೀಮಿಕ್ಸ್ (ಕೋಡ್ ಬರೆದು ಓಡಿಸುವ ವೆಬ್‌ಸೈಟ್) ತೆರೆಯಿರಿ. ಒಂದು ಸಂಖ್ಯೆ ಉಳಿಸಿ ಮತ್ತೆ ಓದುವ ಪುಟ್ಟ ಕಾಂಟ್ರ್ಯಾಕ್ಟನ್ನು ಸಾಲಿಡಿಟಿ ಭಾಷೆಯಲ್ಲಿ ಬರೆಯಿರಿ. ಕಂಪೈಲ್ ಮಾಡಿ, ರೀಮಿಕ್ಸ್ ವಿಎಂ (ಬ್ರೌಸರ್‌ನೊಳಗೇ ಓಡುವ ಅಭ್ಯಾಸದ ಬ್ಲಾಕ್‌ಚೈನ್) ಆರಿಸಿ, ಕಾಂಟ್ರ್ಯಾಕ್ಟನ್ನು ಅದಕ್ಕೆ ಏರಿಸಲು ಡಿಪ್ಲಾಯ್ ಒತ್ತಿ. ಅಲ್ಲಿನ ಪ್ರತಿ ಖಾತೆಯಲ್ಲೂ 100 ಈಥರ್ (ಇಥೀರಿಯಮ್ ಬ್ಲಾಕ್‌ಚೈನ್‌ನ ಹಣ) ಇರುತ್ತದೆ, ಎಲ್ಲಾ ಆಟದ ದುಡ್ಡು. ನಿಮ್ಮ ಫಂಕ್ಷನ್‌ಗಳು ಕೆಳಗೆ ಬಟನ್‌ಗಳಾಗಿ ಬರುತ್ತವೆ. ಉಳಿಸಿದ ಸಂಖ್ಯೆ ಬದಲಾಯಿಸುವ ಫಂಕ್ಷನ್ ಕಿತ್ತಳೆ ಬಣ್ಣ, ಸುಮ್ನೆ ಓದುವುದು ನೀಲಿ. ಕಿತ್ತಳೆ ಒತ್ತಿದಾಗ ಖಾತೆಯಿಂದ ಗ್ಯಾಸ್ (ಬ್ಲಾಕ್‌ಚೈನ್ ಬಳಕೆಯ ಶುಲ್ಕ) ಖರ್ಚಾಗುತ್ತದೆ, ನೀಲಿಗೆ ಇಲ್ಲ. ಇದನ್ನು ಕಣ್ಣಾರೆ ನೋಡಿದರೆ ಅರ್ಧ ಗೊಂದಲ ಹೋಗುತ್ತದೆ.

ಆಮೇಲೆ ಮೆಟಾಮಾಸ್ಕ್ ಎಂಬ ವಾಲೆಟ್ ಹಾಕಿಕೊಂಡು ಸೆಪೋಲಿಯಾ ಎಂಬ ಟೆಸ್ಟ್‌ನೆಟ್‌ಗೆ (ಪ್ರಯೋಗಕ್ಕಾಗಿ ಇರುವ ನೆಟ್‌ವರ್ಕ್) ಹೋಗಿ. ಅದರ ಈಥರ್, ಫಾಸೆಟ್ ಎಂಬ ಹಂಚುವ ವೆಬ್‌ಸೈಟ್‌ಗಳಲ್ಲಿ ಪುಕ್ಕಟೆ ಸಿಗುತ್ತದೆ, ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. ಕಲಿಕೆಗೆ ಬೇರೆಯೇ ವಾಲೆಟ್ ಇರಲಿ. ಅದನ್ನು ಮರಳಿ ಪಡೆಯುವ 12 ಗುಟ್ಟಿನ ಪದಗಳನ್ನು ಯಾರಿಗೂ ಹೇಳಬೇಡಿ, ಸಹಾಯ ಮಾಡ್ತೀನಿ ಅಂತ ಇನ್‌ಬಾಕ್ಸ್‌ಗೆ ಬರುವವರಿಗಂತೂ ಬೇಡವೇ ಬೇಡ.

ವಿಡಿಯೋ ಪಾಠದಲ್ಲಿ ರಾಪ್‌ಸ್ಟೆನ್, ರಿಂಕ್‌ಬಿ ಅಂತ ಬಂದರೆ ಅದು ಹಳೆಯದು, ಆ ನೆಟ್‌ವರ್ಕ್‌ಗಳು ಮುಚ್ಚಿವೆ. ಕೋಡ್ ಪರೀಕ್ಷಿಸುವ ಟೆಸ್ಟ್ ಬರೆಯುವ ಹಂತಕ್ಕೆ ಬಂದಾಗ, ಜಾವಾಸ್ಕ್ರಿಪ್ಟ್ ಗೊತ್ತಿದ್ದರೆ ಹಾರ್ಡ್‌ಹ್ಯಾಟ್ ಎಂಬ ಟೂಲ್ ನೋಡಿ. ಇಲ್ಲದಿದ್ದರೆ ಫೌಂಡ್ರಿ, ಅದರಲ್ಲಿ ಟೆಸ್ಟನ್ನೂ ಸಾಲಿಡಿಟಿಯಲ್ಲೇ ಬರೆಯಬಹುದು.