ಹೃದಯ ಸಿಗುವವರೆಗೆ ಕೂಸಿಗೆ ಪಂಪಿನ ಆಸರೆ: ಏನೇನು ಆಗುತ್ತದೆ, ನಾವೇನು ಮಾಡಬೇಕು

ಹಾಲು ಕುಡಿಯುವಾಗ ಕೂಸಿನ ಹಣೆ ಬೆವರುತ್ತದೆಯಾ? ಎರಡು ಗುಟುಕಿಗೇ ಏದುಸಿರು ಬಿಡುತ್ತದೆಯಾ? ತೂಕ ಏರುತ್ತಿಲ್ಲವಾ? ಹೃದಯ ಸೋಲುತ್ತಿರುವ ಗುರುತಿರಬಹುದು. ನಮ್ಮ ಬಾಗಲಕೋಟೆ, ಜಮಖಂಡಿ ಕಡೆ ದೃಷ್ಟಿ ತೆಗೆದು ಸುಮ್ನಾಗುವ ಮನೆಗಳು ಇನ್ನೂ ಇವೆ. ದೃಷ್ಟಿ ತೆಗೆಯಿರಿ, ಬೇಡ ಅನ್ನಲ್ಲ. ಆದರೆ ಅವತ್ತೇ ಮಕ್ಕಳ ಡಾಕ್ಟರಿಗೂ ತೋರಿಸಿ. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿದರೆ ಹೃದಯ ಎಷ್ಟು ಜೋರಾಗಿ ಹಿಂಡುತ್ತಿದೆ ಅಂತ ಗೊತ್ತಾಗುತ್ತದೆ.

ಔಷಧಿಗೂ ಬಗ್ಗದಿದ್ದರೆ ಕಸಿಯ, ಅಂದರೆ ದಾನಿಯ ಹೃದಯ ಜೋಡಿಸುವ ಮಾತು ಬರುತ್ತದೆ. ನಮ್ಮ ರಾಜ್ಯದಲ್ಲಿ ಅಂಗಾಂಗ ಹಂಚಿಕೆ ನೋಡಿಕೊಳ್ಳುವ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಗೆ ಹೆಸರು ಸೇರಿಸುವುದು ಕಸಿ ಮಾಡುವ ಆಸ್ಪತ್ರೆಯೇ. ಪುಟ್ಟ ಎದೆಯಲ್ಲಿ ಹಿಡಿಯುವಷ್ಟೇ ಹೃದಯ ಬೇಕು, ಅದಕ್ಕೇ ಕಾಯುವುದು ಜಾಸ್ತಿ.

ತೀರಾ ತುರ್ತಿದ್ದರೆ ಮೊದಲು ಎಕ್ಮೋ ಎಂಬ ಯಂತ್ರ ಹಾಕುತ್ತಾರೆ. ಅದು ಹೃದಯ, ಶ್ವಾಸಕೋಶ ಎರಡರ ಕೆಲಸವನ್ನೂ ಮಾಡುತ್ತದೆ, ಆದರೆ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರಕ್ಕಷ್ಟೇ. ತಿಂಗಳುಗಟ್ಟಲೆ ಕಾಯಬೇಕಾದರೆ ಬರ್ಲಿನ್ ಹಾರ್ಟ್ ಎಂಬ ಪಂಪ್ ಇದೆ, ಅಮೆರಿಕದಲ್ಲಿ 2011ರಲ್ಲಿ ಒಪ್ಪಿಗೆ ಪಡೆದದ್ದು. ಅದರ ಅತಿ ಚಿಕ್ಕ ಪಂಪಿನಲ್ಲಿ ಹಿಡಿಯುವ ರಕ್ತ 10 ಮಿಲಿ, ಅಂದರೆ ಎರಡು ಟೀ ಚಮಚ! ಎದೆ ತೆರೆದು ಒಂದು ಕೊಳವೆಯನ್ನು ಹೃದಯದ ಎಡಗೋಣೆಗೆ, ಇನ್ನೊಂದನ್ನು ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ರಕ್ತನಾಳವಾದ ಮಹಾಪಧಮನಿಗೆ ಹೊಲಿಯುತ್ತಾರೆ. ಎರಡೂ ಪಕ್ಕೆಲುಬಿನ ಕೆಳಗಿನಿಂದ ಹೊರಬಂದು ಹೊಟ್ಟೆಯ ಮೇಲಿರುವ ಪಂಪಿಗೆ ಸೇರುತ್ತವೆ. ಪಕ್ಕದ ಯಂತ್ರ ಗಾಳಿ ಒತ್ತಿದಾಗ ಪಂಪಿನೊಳಗಿನ ಪೊರೆ ಉಬ್ಬಿ ರಕ್ತವನ್ನು ಮೈಗೆ ತಳ್ಳುತ್ತದೆ, ಗಾಳಿ ಎಳೆದಾಗ ಮತ್ತೆ ತುಂಬಿಕೊಳ್ಳುತ್ತದೆ. ಹೃದಯದ ಬಲಭಾಗವೂ ಸೋತಿದ್ದರೆ ಎರಡು ಪಂಪ್ ಬೇಕಾಗಬಹುದು.

ಇನ್ನು ಮುಂದಿನದೇ ದೊಡ್ಡ ಕೆಲಸ. ಪಂಪ್ ಪಾರದರ್ಶಕ. ನರ್ಸ್ ಟಾರ್ಚ್ ಹಿಡಿದು ಅಂಚು, ಮೂಲೆ ಎಲ್ಲ ನೋಡುತ್ತಾರೆ, ಬಿಳಿ ಎಳೆಯೋ ಕಪ್ಪು ಚುಕ್ಕೆಯೋ ಕಂಡರೆ ಅಲ್ಲಿ ರಕ್ತ ಹೆಪ್ಪುಗಟ್ಟುತ್ತಿರಬಹುದು. ಅದು ಮಿದುಳಿಗೆ ಹೋದರೆ ಪಾರ್ಶ್ವವಾಯು. ಅದಕ್ಕೇ ರಕ್ತ ಹೆಪ್ಪುಗಟ್ಟದಂತೆ ಔಷಧಿ ಕೊಡುತ್ತಾರೆ. ಅದು ಜಾಸ್ತಿಯಾದರೆ ರಕ್ತಸ್ರಾವದ ಭಯ, ಹಾಗಾಗಿ ಪದೇಪದೇ ರಕ್ತಪರೀಕ್ಷೆ. ಕೊಳವೆ ಹೊರಬಂದ ಜಾಗಕ್ಕೆ ಸೋಂಕು ಬೇಗ ತಗಲುತ್ತದೆ, ಕೈ ತೊಳೆಯದೆ ಯಾರೂ ಮುಟ್ಟಬಾರದು. ಅಜ್ಜಿಯಾದರೂ ಅಷ್ಟೇ.

ಅಮ್ಮಂದಿರೇ, ಹೆದರಿ ದೂರ ನಿಲ್ಲಬೇಡಿ. ಸ್ಥಿತಿ ನೆಟ್ಟಗಾದ ಮೇಲೆ ನರ್ಸ್ ಕೊಳವೆ ಹಿಡಿದುಕೊಂಡರೆ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು, ಹಾಲುಣಿಸಬಹುದು. ತೂಕ ಬಂದಷ್ಟೂ ಕಸಿಗೆ ಒಳ್ಳೆಯದು ಅಲ್ವಾ?

ಈ ಪಂಪ್ ಎಲ್ಲ ಹೃದಯದ ಆಸ್ಪತ್ರೆಯಲ್ಲೂ ಇರುವುದಿಲ್ಲ. ಬೆಂಗಳೂರಿಗೆ ಹೊರಡುವ ಮುಂಚೆಯೇ ಇಲ್ಲಿನ ಡಾಕ್ಟರಿಂದ ಅಲ್ಲಿಗೆ ಫೋನ್ ಮಾಡಿಸಿ. ಇಷ್ಟು ಸಣ್ಣ ಕೂಸಿಗೆ ಎಷ್ಟು ಸಲ ಹಾಕಿದ್ದೀರಿ, ರಾತ್ರಿ ಪಂಪ್ ನೋಡುವವರು ಯಾರು, ಒಟ್ಟು ಖರ್ಚೆಷ್ಟು ಅಂತ ಸಂಕೋಚ ಬಿಟ್ಟು ಕೇಳಿ. ಎಕೋ ರಿಪೋರ್ಟುಗಳನ್ನೆಲ್ಲ ತಾರೀಖಿನ ಪ್ರಕಾರ ಒಂದೇ ಫೈಲಿನಲ್ಲಿ ಹಾಕಿಕೊಳ್ಳಿ, ಅದು ಆಂಬುಲೆನ್ಸಿನಲ್ಲಿ ನಿಮ್ಮ ಕೈಯಲ್ಲೇ ಇರಲಿ.